ಎಂವಿಸಿ ಕೇಸು ಅಂದ್ರೇನು? ಅಪಘಾತದಲ್ಲಿ ಗಾಯಗೊಂಡವರು ಪರಿಹಾರ ಕೇಳುವ ಬಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತುಸು ತಿದ್ದಲಾಗಿದೆ.)



ಈ ದೃಶ್ಯ ನೀವು ಎಲ್ಲಾದ್ರೂ ನೋಡಿಯೇ ಇರ್ತೀರಿ. ಬೈಕಿಗೆ ಕಾರು ಗುದ್ದಿದೆ. ಹುಡುಗ ರಸ್ತೆ ಪಕ್ಕದಲ್ಲಿ ಕೂತಿದ್ದಾನೆ, ಕಾಲು ಊದಿಕೊಳ್ತಾ ಇದೆ. ಸುತ್ತ ಹತ್ತು ಜನ. ಕಾರಿನವರು ಐದು ಸಾವಿರ ಕೈಗಿಟ್ಟು, "ಕೇಸು ಗೀಸು ಯಾಕೆ ತಮ್ಮಾ, ಕೋರ್ಟು ಕಚೇರಿ ಅಲೆಯೋಕಾಗುತ್ತಾ? ಆಸ್ಪತ್ರೆಗೆ ತೋರಿಸ್ಕೋ" ಅಂತಾರೆ. ಹುಡುಗನೂ ಹೂಂ ಅಂತಾನೆ. ಎರಡು ದಿನ ಬಿಟ್ಟು ಎಕ್ಸ್-ರೇ ತೆಗೆಸಿದ್ರೆ ಮೊಣಕಾಲಿನ ಕೆಳಗೆ ಮೂಳೆ ಮುರಿದಿದೆ, ರಾಡ್ ಹಾಕಬೇಕು, ಮೂರು ತಿಂಗಳು ಕೆಲಸ ಇಲ್ಲ. ಅಷ್ಟೊತ್ತಿಗೆ ಕಾರಿನ ನಂಬರ್ ಯಾರ ಹತ್ರಾನೂ ಇರಲ್ಲ.

ಆ ಐದು ಸಾವಿರಕ್ಕೆ ಅವನು ಬಿಟ್ಟುಕೊಟ್ಟದ್ದು ಎಷ್ಟು ಅನ್ನೋದೇ ಇವತ್ತಿನ ವಿಷಯ. ನಾನು ಓದಿದ್ದು ಕಾಮರ್ಸ್, ವಕೀಲ ಅಲ್ಲ. ಹಾಗಾಗಿ ಇದು ಕಾನೂನು ಸಲಹೆ ಅಲ್ಲ. ಆದ್ರೆ ಅಪಘಾತ ಪರಿಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಇರೋದು ಲೆಕ್ಕ, ಕಾಗದಪತ್ರ. ಅದನ್ನ ಯಾರು ಬೇಕಾದ್ರೂ ಅರ್ಥ ಮಾಡಿಕೊಳ್ಳಬಹುದು.

ಮೊದಲು: ಎರಡು ಕೇಸು ಬೇರೆ ಬೇರೆ

ಅಪಘಾತ ಆದಾಗ ಎರಡು ದಾರಿ ತೆರೆದುಕೊಳ್ಳುತ್ತೆ. ಒಂದು, ಪೊಲೀಸ್ ಕೇಸು. ಅಡ್ಡಾದಿಡ್ಡಿ ಓಡಿಸಿದ ಚಾಲಕನ ಮೇಲೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 281, 125ರ ಅಡಿ ಎಫ್‌ಐಆರ್ ಆಗುತ್ತೆ. ಇದರಲ್ಲಿ ಶಿಕ್ಷೆ, ದಂಡ ಎಲ್ಲ ಚಾಲಕನಿಗೆ. ನಿಮ್ಮ ಆಸ್ಪತ್ರೆ ಬಿಲ್ಲಿಗೂ ಇದಕ್ಕೂ ನೇರ ಸಂಬಂಧ ಇಲ್ಲ.

ಎರಡನೆಯದು ಪರಿಹಾರದ ಅರ್ಜಿ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166ರ ಅಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹಾಕೋದು. ನಮ್ಮ ಕಡೆ ಇದಕ್ಕೇ ಎಂವಿಸಿ ಕೇಸು ಅಂತಾರೆ. ಎದುರು ಪಕ್ಷದಲ್ಲಿ ವಾಹನದ ಮಾಲೀಕ ಮತ್ತು ವಿಮಾ ಕಂಪನಿ ಇರ್ತಾರೆ. ದುಡ್ಡು ಸಾಮಾನ್ಯವಾಗಿ ಬರೋದು ವಿಮಾ ಕಂಪನಿಯಿಂದ. "ಪಾಪ, ಕಾರಿನವರೂ ನಮ್ಮಂಗೆ ಬಡವರು" ಅಂತ ಹಿಂದೇಟು ಹಾಕೋರು ಇದನ್ನ ನೆನಪಿಡಿ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರೋದೇ ಇದಕ್ಕಾಗಿ.

ಇಲ್ಲಿ ಸಾಕ್ಷ್ಯದ ಮಟ್ಟವೂ ಬೇರೆ. ಕ್ರಿಮಿನಲ್ ಕೇಸಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಪರಿಹಾರದ ಕೇಸಲ್ಲಿ, ಹೀಗೇ ನಡೆದಿರುವ ಸಾಧ್ಯತೆ ಹೆಚ್ಚು ಅನ್ನೋದನ್ನ ತೋರಿಸಿದ್ರೆ ಸಾಕು.

ಮೊದಲ 48 ಗಂಟೆ

ಜೀವ ಮೊದಲು. 112 ಅಥವಾ 108ಕ್ಕೆ ಕರೆ ಮಾಡಿ. 2025ರ ಮೇ ತಿಂಗಳಿಂದ ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸೆ ಯೋಜನೆ ಇದೆ. ಇದರಲ್ಲಿ ರಸ್ತೆ ಅಪಘಾತದ ಗಾಯಾಳುಗೆ, ಅಪಘಾತವಾದ ದಿನದಿಂದ ಏಳು ದಿನದವರೆಗೆ, 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಿಗದಿತ ಆಸ್ಪತ್ರೆಗಳಲ್ಲಿ ಸಿಗಬೇಕು. ಆಸ್ಪತ್ರೆಯಲ್ಲಿ ಇದನ್ನ ಬಾಯಿಬಿಟ್ಟು ಕೇಳಿ.

ಆಸ್ಪತ್ರೆಯಲ್ಲಿ ಎರಡು ಮಾತು ಬಹಳ ಮುಖ್ಯ. ಒಂದು, "ಇದು ರಸ್ತೆ ಅಪಘಾತ" ಅಂತ ಹೇಳಿ ಎಂಎಲ್‌ಸಿ ಮಾಡಿಸೋದು. ಎರಡು, ಹೇಗಾಯ್ತು ಅನ್ನೋದನ್ನ ಸರಿಯಾಗಿ ಬರೆಸೋದು. ಗಾಬರಿಯಲ್ಲಿ ಜೊತೆಗೆ ಬಂದೋರು "ಬೈಕಿಂದ ಬಿದ್ದ ಸರ್" ಅಂದುಬಿಡ್ತಾರೆ. ಕೇಸ್ ಶೀಟಲ್ಲಿ ಅದೇ ದಾಖಲಾಗುತ್ತೆ. ಮುಂದೆ ವಿಮಾ ಕಂಪನಿಯ ವಕೀಲರು ಅದೇ ಸಾಲು ಹಿಡ್ಕೊಂಡು, "ಇವರು ತಾವೇ ಬಿದ್ದಿದ್ದು, ಕಾರು ಗುದ್ದೇ ಇಲ್ಲ" ಅಂತ ವಾದ ಮಾಡ್ತಾರೆ. ಒಂದೇ ಸಾಲು, ಇಡೀ ಕೇಸು ಅಲುಗಾಡುತ್ತೆ.

ಕೈಯಲ್ಲಿ ಮೊಬೈಲ್ ಇದೆ ಅಲ್ವಾ? ಗುದ್ದಿದ ವಾಹನದ ನಂಬರ್ ಪ್ಲೇಟ್, ಎರಡೂ ವಾಹನ ನಿಂತಿರೋ ಜಾಗ, ರಸ್ತೆಯ ಗುರುತು, ಹತ್ತಿರದ ಅಂಗಡಿಯ ಕ್ಯಾಮೆರಾ, ಎಲ್ಲದರ ಫೋಟೋ ತೆಗೀರಿ ಅಥವಾ ತೆಗೆಸಿ. ನೋಡಿದವರ ಫೋನ್ ನಂಬರ್ ತಗೊಳ್ಳಿ. ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿದ್ರೆ ಆ ವಾಹನದ ವಿಮೆ ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತೆ.

ಆಮೇಲೆ ದೂರು. ಆಸ್ಪತ್ರೆಯಲ್ಲಿ ಮಲಗಿದ್ದು ದೂರು ತಡವಾದ್ರೆ ಹೆದರಬೇಡಿ. ಎಫ್‌ಐಆರ್ ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದ್ರೆ ತಡ ಯಾಕಾಯ್ತು ಅಂತ ದೂರಿನಲ್ಲೇ ಬರೆಸಿ.

ಪೊಲೀಸರಿಗೂ ಗಡುವು ಇದೆ. 2022ರಿಂದ ಜಾರಿಗೆ ಬಂದ ಕೇಂದ್ರ ನಿಯಮಗಳ ಪ್ರಕಾರ 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ಅಪಘಾತ ವರದಿ ನ್ಯಾಯಮಂಡಳಿಗೆ ಹೋಗಬೇಕು. ಆ ವಿವರವಾದ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿ ಅಂತ ಪರಿಗಣಿಸೋಕೆ ಅವಕಾಶ ಇದೆ. ಹಾಗಂತ ಪೊಲೀಸರೇ ಎಲ್ಲ ಮಾಡ್ತಾರೆ ಅಂತ ಕೂರೋದು ಬೇಡ. ಠಾಣೆಯಿಂದ ಎಫ್‌ಐಆರ್, ಸ್ಥಳ ಮಹಜರ್, ಸ್ಕೆಚ್, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಚಾರ್ಜ್‌ಶೀಟ್ ಇವಿಷ್ಟರ ಪ್ರತಿ ತಗೊಂಡಿಟ್ಟುಕೊಳ್ಳಿ.

ಎಲ್ಲಿ, ಎಷ್ಟು ದಿನದೊಳಗೆ?

ಅಪಘಾತ ಆದ ಊರಲ್ಲೇ ಕೇಸು ಹಾಕಬೇಕು ಅಂತಿಲ್ಲ. ನೀವು ವಾಸ ಇರೋ ಅಥವಾ ದುಡಿಯೋ ಜಾಗದ ನ್ಯಾಯಮಂಡಳಿಯಲ್ಲೂ ಹಾಕಬಹುದು. ಎದುರು ಪಕ್ಷದವರ ವಿಳಾಸ ಇರೋ ಕಡೆಯೂ ಆಗುತ್ತೆ. ಗೋವಾ ಟ್ರಿಪ್ಪಲ್ಲಿ ಅಪಘಾತ ಆದ ಹಾವೇರಿ ಹುಡುಗಿ ಹಾವೇರಿಯಲ್ಲೇ ಅರ್ಜಿ ಹಾಕಬಹುದು. ಬೆಂಗಳೂರಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರು ಈ ಕೇಸುಗಳನ್ನ ನೋಡ್ತಾರೆ. ಬೇರೆ ಕಡೆ ಜಿಲ್ಲಾ ನ್ಯಾಯಾಲಯ, ಹಿರಿಯ ಸಿವಿಲ್ ನ್ಯಾಯಾಲಯಗಳಲ್ಲಿ ನಡೆಯುತ್ತೆ. ಅರ್ಜಿ ಶುಲ್ಕ ನಾಮಮಾತ್ರ.

ಸಮಯ ಮಾತ್ರ ಜೋಪಾನ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನೋ ನಿಯಮ ಬಂದಿದೆ. ಇದನ್ನ ಸುಪ್ರೀಂ ಕೋರ್ಟಲ್ಲಿ ಪ್ರಶ್ನಿಸಲಾಗಿದೆ. ಅದು ತೀರ್ಮಾನ ಆಗೋವರೆಗೆ, ತಡ ಆಯ್ತು ಅಂತ ಅರ್ಜಿಗಳನ್ನ ವಜಾ ಮಾಡಬೇಡಿ ಅಂತ 2025ರ ನವೆಂಬರಲ್ಲಿ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿದೆ. ಮಧ್ಯಂತರ ಆದೇಶ ನಂಬಿ ಕೂರೋದು ಜಾಣತನ ಅಲ್ಲ. ಆರು ತಿಂಗಳು ಅಂದ್ರೆ ಆರು ತಿಂಗಳು ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಈಗ ಲೆಕ್ಕ

ಗಾಯಕ್ಕೆ ಪರಿಹಾರ ಅಂದ್ರೆ ಜಡ್ಜ್ ನಿಮ್ಮ ಮುಖ ನೋಡಿ ಹೇಳೋ ಮೊತ್ತ ಅಲ್ಲ. ಬೇರೆ ಬೇರೆ ತಲೆಬರಹದ ಕೆಳಗೆ ಕೂಡಿಸ್ತಾ ಹೋಗ್ತಾರೆ. ನೋವು ಮತ್ತು ಸಂಕಟಕ್ಕೆ ಒಂದಿಷ್ಟು. ಆಸ್ಪತ್ರೆ, ಔಷಧಿಯ ಬಿಲ್ಲು. ಓಡಾಟ, ಪೌಷ್ಟಿಕ ಆಹಾರ, ನೋಡಿಕೊಂಡವರ ಖರ್ಚು. ಚಿಕಿತ್ಸೆ ಅವಧಿಯಲ್ಲಿ ತಪ್ಪಿದ ಸಂಪಾದನೆ. ಮುಂದಿನ ಚಿಕಿತ್ಸೆ, ಅಂದ್ರೆ ಒಳಗೆ ಹಾಕಿದ ರಾಡು, ಪ್ಲೇಟು ತೆಗೆಸೋ ಆಪರೇಷನ್ ಖರ್ಚು. ಮೊದಲಿನ ಹಾಗೆ ಓಡೋಕೆ, ಆಡೋಕೆ, ಕೆಳಗೆ ಕೂರೋಕೆ ಆಗದೇ ಇರೋದಕ್ಕೆ ಒಂದಿಷ್ಟು. ಕೊನೆಯದು, ಎಲ್ಲಕ್ಕಿಂತ ದೊಡ್ಡದು: ಭವಿಷ್ಯದ ಸಂಪಾದನೆ ನಷ್ಟ.

ಈ ಕೊನೆಯದಕ್ಕೆ ಒಂದು ಸೂತ್ರ ಇದೆ. ಒಬ್ಬ ಡೆಲಿವರಿ ಹುಡುಗನನ್ನ ಊಹಿಸಿಕೊಳ್ಳಿ. ವಯಸ್ಸು 24, ತಿಂಗಳ ಸಂಪಾದನೆ 15,000 ರೂಪಾಯಿ. ಕಾಲು ಮುರಿದು ಸೇರಿದೆ, ಆದ್ರೆ ಮಂಡಿ ಪೂರ್ತಿ ಮಡಚೋಕಾಗಲ್ಲ. ವೈದ್ಯರು ಆ ಕಾಲಿಗೆ ಶೇ 36 ಅಂಗವೈಕಲ್ಯ ಅಂತ ಬರೆದಿದ್ದಾರೆ. ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದ್ರೆ ಶೇ 12 ಅಂತ ಹಿಡಿಯೋದು ನಮ್ಮ ಕೋರ್ಟುಗಳಲ್ಲಿ ಸಾಮಾನ್ಯ.

ಹೆಜ್ಜೆ ಒಂದು: 15,000ಕ್ಕೆ ಭವಿಷ್ಯದ ಏರಿಕೆ ಅಂತ ಶೇ 40 ಸೇರಿಸಿ. 21,000 ಆಯ್ತು. ನಲವತ್ತು ವರ್ಷದೊಳಗಿನ, ಕಾಯಂ ನೌಕರಿ ಇಲ್ಲದವರಿಗೆ ಶೇ 40 ಅನ್ನೋದು 2017ರ ಪ್ರಣಯ್ ಸೇಠಿ ತೀರ್ಪು. ಅದು ಸಾವಿನ ಕೇಸು. ಗಾಯದ ಕೇಸಿಗೂ ಅದೇ ತತ್ವ ಅನ್ವಯ ಆಗುತ್ತೆ ಅಂತ 2020ರಲ್ಲಿ ಪಪ್ಪು ದೇವ್ ಯಾದವ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹೆಜ್ಜೆ ಎರಡು: ವರ್ಷಕ್ಕೆ, ಅಂದ್ರೆ ಹನ್ನೆರಡರಿಂದ ಗುಣಿಸಿ. 2,52,000.

ಹೆಜ್ಜೆ ಮೂರು: ವಯಸ್ಸಿನ ಗುಣಕ. 2009ರ ಸರಳಾ ವರ್ಮಾ ತೀರ್ಪಲ್ಲಿ ಇದರ ಪಟ್ಟಿ ಇದೆ. 15ರಿಂದ 25 ವರ್ಷದವರಿಗೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, ಹೀಗೆ ಇಳೀತಾ ಹೋಗುತ್ತೆ. ನಮ್ಮ ಹುಡುಗನಿಗೆ 18. ಒಟ್ಟು 45,36,000.

ಹೆಜ್ಜೆ ನಾಲ್ಕು: ಅದರಲ್ಲಿ ಶೇ 12. ಬಂತು 5,44,320 ರೂಪಾಯಿ. ಇದು ಭವಿಷ್ಯದ ಸಂಪಾದನೆಯ ನಷ್ಟ ಮಾತ್ರ. ಆಸ್ಪತ್ರೆ ಬಿಲ್ಲು, ನೋವಿನ ಪರಿಹಾರ ಎಲ್ಲ ಇದರ ಮೇಲೆ. ಒಟ್ಟು ಮೊತ್ತಕ್ಕೆ ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಕೊಡಿಸಬಹುದು. ರಸ್ತೆ ಪಕ್ಕ ಕೊಟ್ಟ ಐದು ಸಾವಿರವನ್ನ ಇದರ ಪಕ್ಕ ಇಟ್ಟು ನೋಡಿ.

ಶೇ 12 ಅಥವಾ ಶೇ 25?

ನಿಜವಾದ ಜಗಳ ಇರೋದು ಇಲ್ಲಿ. ವೈದ್ಯರು ಬರೆಯೋದು ದೇಹದ ಅಂಗವೈಕಲ್ಯ. ಕೋರ್ಟ್ ನೋಡಬೇಕಾದ್ದು ದುಡಿಯೋ ಶಕ್ತಿ ಎಷ್ಟು ಹೋಯ್ತು ಅನ್ನೋದನ್ನ. ಎರಡೂ ಒಂದೇ ಅಲ್ಲ. 2010ರ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಇದನ್ನ ಚೆನ್ನಾಗಿ ಬಿಡಿಸಿ ಹೇಳಿದೆ. ಎಡಗೈ ಕಳಕೊಂಡವನು ಬಡಗಿಯೋ ಡ್ರೈವರೋ ಆಗಿದ್ರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದ ಹಾಗೆ. ಅದೇ ಸರ್ಕಾರಿ ಕಚೇರಿಯ ಗುಮಾಸ್ತ ಆದ್ರೆ ಕೆಲಸ ಉಳೀಬಹುದು. ಗಾಯ ಒಂದೇ, ನಷ್ಟ ಬೇರೆ.

ನಮ್ಮ ಡೆಲಿವರಿ ಹುಡುಗ ದಿನಕ್ಕೆ ಹತ್ತಾರು ಸಲ ಬೈಕ್ ಹತ್ತಿ ಇಳೀಬೇಕು, ಮೂರನೇ ಮಹಡಿಗೆ ಮೆಟ್ಟಿಲು ಹತ್ತಬೇಕು. ಮಂಡಿ ಮಡಚದವನಿಗೆ ಆ ಕೆಲಸ ಆಗುತ್ತಾ? ದುಡಿಮೆಯ ನಷ್ಟ ಶೇ 25 ಅಂತ ಕೋರ್ಟ್ ಒಪ್ಪಿತು ಅಂದುಕೊಳ್ಳಿ. ಅದೇ ಸೂತ್ರದಲ್ಲಿ ಮೊತ್ತ 11,34,000 ಆಗುತ್ತೆ. ವ್ಯತ್ಯಾಸ 5,89,680 ರೂಪಾಯಿ. ಅದಕ್ಕೇ ಸಾಕ್ಷಿ ಹೇಳುವಾಗ "ಕಾಲು ನೋವು ಸ್ವಾಮಿ" ಅಂದ್ರೆ ಸಾಲದು. ಮೊದಲು ನಾನು ಏನು ಕೆಲಸ ಮಾಡ್ತಿದ್ದೆ, ಅದರಲ್ಲಿ ಈಗ ಯಾವುದು ಆಗಲ್ಲ, ಯಾಕೆ ಆಗಲ್ಲ, ಈಗ ಏನು ಮಾಡ್ತಿದ್ದೀನಿ, ಎಷ್ಟು ಬರುತ್ತೆ, ಇಷ್ಟನ್ನೂ ಬಿಡಿಬಿಡಿಯಾಗಿ ಹೇಳಬೇಕು. ಅಂಗವೈಕಲ್ಯದ ಬಗ್ಗೆ ಸಾಕ್ಷಿ ಹೇಳೋ ವೈದ್ಯರು ನಿಮಗೆ ಚಿಕಿತ್ಸೆ ಕೊಟ್ಟವರೇ ಆಗಿದ್ರೆ ಒಳ್ಳೇದು. ಚಿಕಿತ್ಸೆ ಕೊಡದವರು ಬರೆದುಕೊಟ್ಟ ಸಿದ್ಧ ಸರ್ಟಿಫಿಕೇಟ್ ಬಗ್ಗೆ ಎಚ್ಚರ ಇರಲಿ ಅಂತ ಅದೇ ತೀರ್ಪು ನ್ಯಾಯಮಂಡಳಿಗಳಿಗೆ ಹೇಳಿದೆ.

ಇನ್ನೊಂದು ಮಾತು. ಅಂಗವೈಕಲ್ಯ ಕಡಿಮೆ ಅನ್ನಿಸಿದ ಕೇಸುಗಳಲ್ಲಿ ಆ ಶೇ 40 ಸೇರಿಸದೇ ಆದೇಶ ಆಗೋದೂ ಉಂಟು. ಸೇರಿಸದಿದ್ರೆ ನಮ್ಮ ಉದಾಹರಣೆಯ 5,44,320 ರೂಪಾಯಿ 3,88,800ಕ್ಕೆ ಇಳಿಯುತ್ತೆ. ನಿಮ್ಮ ವಕೀಲರು ಅದನ್ನ ಕೇಳಿದ್ದಾರಾ ಅಂತ ನೀವು ಅವರನ್ನ ಕೇಳಿ.

ಸಂಪಾದನೆಗೆ ಸಾಕ್ಷಿ ಏನು?

ಸಂಬಳದ ಚೀಟಿ ಇರೋರಿಗೆ ಸುಲಭ. ಗಾರೆ ಕೆಲಸದವರು, ಟ್ಯಾಕ್ಸಿ ಓಡಿಸೋರು, ಬ್ಯೂಟಿ ಪಾರ್ಲರ್ ನಡೆಸೋರು, ಡೆಲಿವರಿ ಮಾಡೋರು ಏನು ತೋರಿಸ್ತಾರೆ? ದಾಖಲೆ ಇಲ್ಲದಿದ್ರೆ ಕೋರ್ಟ್ ಅಂದಾಜು ಆದಾಯ ಹಿಡಿಯುತ್ತೆ. ನಮ್ಮಲ್ಲಿ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗಾಗಿ ಮಾಡಿದ ವರ್ಷವಾರು ಪಟ್ಟಿಯನ್ನ ಹೈಕೋರ್ಟೂ ಬಳಸುತ್ತೆ. ವಿದ್ಯಾರ್ಥಿಗಳಿಗೆ, ಮನೆ ನೋಡಿಕೊಳ್ಳೋ ಹೆಣ್ಣುಮಕ್ಕಳಿಗೂ ಹೀಗೆ ಅಂದಾಜು ಆದಾಯ ಹಿಡೀತಾರೆ. "ಅಮ್ಮ ದುಡಿಯಲ್ವಲ್ಲ, ಏನು ಸಿಗುತ್ತೆ" ಅನ್ನೋದು ತಪ್ಪು ಕಲ್ಪನೆ.

ಆದ್ರೆ ನಿಮ್ಮ ನಿಜವಾದ ಸಂಪಾದನೆ ಆ ಪಟ್ಟಿಗಿಂತ ಹೆಚ್ಚಿದ್ರೆ? ಆಗ ಆ್ಯಪಿನ ವಾರದ ಗಳಿಕೆಯ ವಿವರ, ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಜಮಾ, ಆದಾಯ ತೆರಿಗೆ ರಿಟರ್ನ್ ಇವೇ ನಿಮ್ಮ ಸಂಬಳ ಚೀಟಿ. ಅಪಘಾತಕ್ಕೆ ಮೊದಲಿನ ಒಂದು ವರ್ಷದ್ದು ಇಳಿಸಿಕೊಂಡು ಇಡಿ. ಕೆಲಸ ಬಿಟ್ಟ ಮೇಲೆ ಆ್ಯಪ್ ಖಾತೆ ಮುಚ್ಚಿದ್ರೆ ಆ ವಿವರ ಸಿಗೋದು ಕಷ್ಟ. ಔಷಧಿ ಬಿಲ್ಲು ಶಾಯಿ ಅಳಿಸಿಹೋಗೋ ಕಾಗದದಲ್ಲಿರುತ್ತೆ, ಅವತ್ತೇ ಫೋಟೋ ತೆಗೀರಿ, ಮೂಲವನ್ನೂ ಇಟ್ಟುಕೊಳ್ಳಿ. ಎಕ್ಸ್-ರೇ ಫಿಲ್ಮ್ ಬಿಸಾಡಬೇಡಿ.

"ನಂದೂ ಸ್ವಲ್ಪ ತಪ್ಪಿತ್ತು"

ತಪ್ಪು ಎರಡೂ ಕಡೆ ಇದ್ರೆ ಪಾಲು ಮಾಡ್ತಾರೆ. ಹತ್ತು ಲಕ್ಷದ ಪರಿಹಾರದಲ್ಲಿ ನಿಮ್ಮ ತಪ್ಪು ಶೇ 25 ಅಂತಾದ್ರೆ ಏಳೂವರೆ ಲಕ್ಷ ಸಿಗುತ್ತೆ. ಲೈಸೆನ್ಸ್ ಇರಲಿಲ್ಲ ಅಥವಾ ಬೈಕಲ್ಲಿ ಮೂವರಿದ್ರು ಅನ್ನೋದಷ್ಟೇ ತಪ್ಪಿನ ಪಾಲು ಹೊರಿಸೋಕೆ ಸಾಲಲ್ಲ. ಅದರಿಂದಲೇ ಅಪಘಾತ ಆಯ್ತು ಅಥವಾ ಗಾಯ ಹೆಚ್ಚಾಯ್ತು ಅಂತ ತೋರಿಸಬೇಕು. ಸುಪ್ರೀಂ ಕೋರ್ಟ್ 2008 ಮತ್ತು 2020ರ ತೀರ್ಪುಗಳಲ್ಲಿ ಹೀಗೆ ಹೇಳಿದೆ. ದಂಡ ಕಟ್ಟೋದು ಬೇರೆ ವಿಷಯ.

ಹಿಂದೆ ಕೂತವರಿಗೆ ಇನ್ನೂ ಒಳ್ಳೆಯ ನೆಲೆ ಇದೆ. ಎರಡು ವಾಹನದವರ ತಪ್ಪಿಂದ ಗಾಯ ಆದ್ರೆ, ಇಬ್ಬರಲ್ಲಿ ಯಾರಿಂದ ಬೇಕಾದ್ರೂ ಪೂರ್ತಿ ಪರಿಹಾರ ಕೇಳಬಹುದು.

ಗುದ್ದಿದವನಿಗೆ ಲೈಸೆನ್ಸ್ ಇಲ್ಲದಿದ್ರೆ? ಇಂಥ ಕೇಸುಗಳಲ್ಲಿ ವಿಮಾ ಕಂಪನಿ ಮೊದಲು ನಿಮಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟ್ ಆದೇಶ ಮಾಡಬಹುದು. ವಿಮೆಯೇ ಇಲ್ಲದಿದ್ರೆ ಮಾಲೀಕನೇ ಕೊಡಬೇಕು. ಅಲ್ಲಿ ವಸೂಲಿ ಕಷ್ಟ, ಆದ್ರೆ ಹಕ್ಕು ಇದ್ದೇ ಇದೆ.

ಯಾರೂ ಗುದ್ದದೇ ಬಿದ್ದರೆ? ಗುದ್ದಿ ಓಡಿಹೋದರೆ?

ನಿಮ್ಮ ಬೈಕಲ್ಲಿ ನೀವೇ ಜಾರಿ ಬಿದ್ರೆ ಥರ್ಡ್ ಪಾರ್ಟಿ ವಿಮೆಯಿಂದ ನಿಮಗೆ ಏನೂ ಬರಲ್ಲ, ಯಾಕಂದ್ರೆ ಅದು ಎದುರಿನವರಿಗೆ. ಮಾಲೀಕ-ಚಾಲಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಅಂತ ಪ್ರತ್ಯೇಕ ಇದೆ. ಅದು ಸಾವು ಅಥವಾ ದೊಡ್ಡ ಶಾಶ್ವತ ಅಂಗನಷ್ಟಕ್ಕೆ ಮಾತ್ರ, ಲೈಸೆನ್ಸೂ ಇರಬೇಕು. ಇನ್ನೊಂದು: ಬರೀ ಕಡ್ಡಾಯ ಪಾಲಿಸಿ ಇದ್ರೆ ನಿಮ್ಮ ಹಿಂದೆ ಕೂತ ಗೆಳೆಯನಿಗೂ ರಕ್ಷಣೆ ಇರಲ್ಲ. ಪಾಲಿಸಿ ಇವತ್ತೇ ತೆಗೆದು ನೋಡಿ.

ಇಂಥ ಕಡೆಯೇ ಕೆಲವರು ಬಂದು, "ಯಾವುದಾದ್ರೂ ಗಾಡಿ ನಂಬರ್ ಸೇರಿಸೋಣ, ದುಡ್ಡು ಬರುತ್ತೆ" ಅಂತಾರೆ. ಸೇರಿಸಬೇಡಿ. ಸಿಕ್ಕಿಬಿದ್ರೆ ಪರಿಹಾರ ಹೋಗೋದಲ್ಲದೆ ಕ್ರಿಮಿನಲ್ ಕೇಸು ನಿಮ್ಮ ಮೇಲೆ. ಇಂಥವರ ದೆಸೆಯಿಂದ ನಿಜವಾದ ಗಾಯಾಳುವನ್ನೂ ಕಂಪನಿಗಳು ಅನುಮಾನದಿಂದ ನೋಡೋ ಹಾಗಾಗಿದೆ.

ಗುದ್ದಿ ಓಡಿಹೋದ ವಾಹನ ಪತ್ತೆ ಆಗದಿದ್ರೆ ಕೇಂದ್ರದ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತೆ. ಅರ್ಜಿ ಕೋರ್ಟಿಗಲ್ಲ, ತಾಲೂಕು ಅಥವಾ ಉಪವಿಭಾಗದ ಮಟ್ಟದ ವಿಚಾರಣಾಧಿಕಾರಿಗೆ. ಮೂಳೆ ಮುರಿತ ಕಾನೂನಿನ ಪ್ರಕಾರ ತೀವ್ರ ಗಾಯವೇ.

ಬೇಗ ಮುಗಿಸೋದಾ, ಕಾಯೋದಾ?

ಸೆಕ್ಷನ್ 164ರಲ್ಲಿ ಯಾರ ತಪ್ಪು ಅಂತ ಸಾಬೀತು ಮಾಡದೇ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ರೂಪಾಯಿ ಇದೆ. ಜೊತೆಗೆ ವಿಮಾ ಕಂಪನಿ 30 ದಿನದೊಳಗೆ ನಿಮಗೆ ಒಂದು ಮೊತ್ತ ಹೇಳಿ ಇತ್ಯರ್ಥಕ್ಕೆ ಬರಬೇಕು ಅನ್ನೋ ವ್ಯವಸ್ಥೆಯೂ ಇದೆ. ಆದ್ರೆ ಆ ದಾರಿಯಲ್ಲಿ ದುಡ್ಡು ಒಪ್ಪಿಕೊಂಡ್ರೆ ನ್ಯಾಯಮಂಡಳಿಯ ಅರ್ಜಿ ಅಲ್ಲಿಗೇ ಮುಗಿಯುತ್ತೆ. ಲೋಕ ಅದಾಲತ್‌ನಲ್ಲಿ ರಾಜಿ ಆದ್ರೂ ಅಷ್ಟೇ, ಮೇಲ್ಮನವಿ ಇಲ್ಲ. ಸಣ್ಣ ಗಾಯ, ಪೂರ್ತಿ ವಾಸಿ ಆಗಿದೆ ಅಂದ್ರೆ ರಾಜಿ ಒಳ್ಳೇದೇ. ಚಿಕಿತ್ಸೆ ಇನ್ನೂ ನಡೀತಿದೆ, ಕಾಲು ಯಾವ ಸ್ಥಿತಿಗೆ ಬಂದು ನಿಲ್ಲುತ್ತೋ ಗೊತ್ತಿಲ್ಲ ಅಂದ್ರೆ ಸಹಿ ಹಾಕೋಕೆ ಮೊದಲು ಮೇಲಿನ ಲೆಕ್ಕ ಒಂದು ಸಲ ಮಾಡಿ ನೋಡಿ.

ನ್ಯಾಯಮಂಡಳಿ ಕೊಟ್ಟಿದ್ದು ಕಡಿಮೆ ಅನ್ನಿಸಿದ್ರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಬೆಂಗಳೂರಿನ ಜೊತೆ ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ.

ವಕೀಲರ ಫೀಸು? "ಬಂದದ್ದರಲ್ಲಿ ಇಷ್ಟು ಪರ್ಸೆಂಟ್" ಅನ್ನೋ ಒಪ್ಪಂದಕ್ಕೆ ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲೇ ಅವಕಾಶ ಇಲ್ಲ. ಫೀಸು ಎಷ್ಟು ಅಂತ ಮೊದಲೇ ಮಾತಾಡಿ, ಬರೆಸಿಕೊಳ್ಳಿ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಬೇಡ. ಪರಿಹಾರ ನಿಮ್ಮ ಸ್ವಂತ ಬ್ಯಾಂಕ್ ಖಾತೆಗೇ ಬರಲಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಉಚಿತ ವಕೀಲರ ನೆರವು ಇದೆ. ಫೋನ್ ನಂಬರ್ 15100.

ಈ ಸಂಚಿಕೆಯನ್ನ ನಿಮ್ಮ ಮನೆ ಗ್ರೂಪಿಗೆ ಕಳಿಸಿ. ಅಪಘಾತ ಆದವರು ಆ ಹೊತ್ತಲ್ಲಿ ಇದನ್ನೆಲ್ಲ ಹುಡುಕೋ ಸ್ಥಿತಿಯಲ್ಲಿ ಇರಲ್ಲ. ಪಕ್ಕದಲ್ಲಿ ನಿಂತ ಒಬ್ಬರಿಗೆ ಗೊತ್ತಿದ್ರೆ ಸಾಕು: ನಂಬರ್ ಪ್ಲೇಟಿನ ಫೋಟೋ, ಎಂಎಲ್‌ಸಿ, ದೂರು. ಉಳಿದದ್ದನ್ನ ಮನೆಗೆ ಬಂದ ಮೇಲೂ ಮಾಡಬಹುದು. ಹೆಲ್ಮೆಟ್ ಹಾಕಿಕೊಳ್ಳಿ, ಮುಂದಿನ ವಾರ ಸಿಗೋಣ.